ನಾಯಿ ವಾಕಿಂಗಲ್ಲಿ ದುಡ್ಡಿದೆಯಾ? ಲಿಫ್ಟು, ಹುಣಸೆಹಣ್ಣು, ಮತ್ತೆ ಒಂದು ಬೀಗದ ಕೈ

ಬೆಳಿಗ್ಗೆ 5:45. ಒಂದು ಕೈಯಲ್ಲಿ ಬೇರೆಯವರ ಮನೆ ಬೀಗದ ಕೈ. ಜೇಬಲ್ಲಿ ಮಡಚಿಟ್ಟ ನಿನ್ನೆಯ ಪೇಪರ್. ಬೆಲ್ಟಿನ ಆ ತುದೀಲಿ 32 ಕೆಜಿ ಲ್ಯಾಬ್ರಡಾರ್. ಯಾರು ಯಾರನ್ನ ವಾಕಿಂಗಿಗೆ ಎಳ್ಕೊಂಡು ಹೋಗ್ತಿದಾರೆ ಅಂತ ಗೇಟಿನ ಸೆಕ್ಯೂರಿಟಿ ಅಣ್ಣನಿಗೂ ಡೌಟು.

ನಮಸ್ಕಾರ. ಹಿಂದಿನ ವಿಡಿಯೋ ಕೆಳಗೆ ಒಬ್ರು ಕೇಳಿದ್ರು: "ಅಕ್ಕಾ, ನಾಯಿ ವಾಕಿಂಗ್ ಮಾಡಿಸಿ ತಿಂಗಳಿಗೆ 30 ಸಾವಿರ ದುಡೀಬಹುದು ಅಂತ ರೀಲ್ಸಲ್ಲಿ ನೋಡಿದೆ. ನಿಜಾನಾ, ಬುರುಡೆನಾ?" ಉತ್ತರ ಗೊತ್ತಿರಲಿಲ್ಲ. ಸರಿ ನೋಡೇಬಿಡೋಣ ಅಂತ ಬನ್ನೇರುಘಟ್ಟ ರಸ್ತೆಯ ನಮ್ಮ ಅಪಾರ್ಟ್‌ಮೆಂಟಲ್ಲೇ ಎರಡು ತಿಂಗಳು ಮಾಡಿದೆ. ಮೊದಲನೇ ವಾರದಲ್ಲೇ ಗೊತ್ತಾದ ವಿಷಯ: ನಮ್ಮ ಬಿಲ್ಡಿಂಗಲ್ಲಿ ಮೂರು ಬ್ರೂನೋಗಳಿದಾವೆ. ಕಾರಿಡಾರಲ್ಲಿ ನಿಂತು "ಬ್ರೂನೋ" ಅಂದ್ರೆ ಮೂರು ಬಾಗಿಲಿನ ಹಿಂದಿಂದ ಉತ್ತರ ಬರುತ್ತೆ.

ಬೇಸಿಕ್ಸ್ 20 ಸೆಕೆಂಡಲ್ಲಿ ಮುಗಿಸ್ತೀನಿ. ಕೆಲಸ ಮೂರು ಥರ. ವಾಕಿಂಗ್ ಅಂದ್ರೆ ಅರ್ಧ ಗಂಟೆ ಕರ್ಕೊಂಡು ಹೋಗೋದು, ಉಚ್ಚೆ, ಕಕ್ಕ ಎರಡೂ ಮಾಡಿಸೋದು, ವಾಪಸ್ ತಂದು ಬಿಡೋದು. ಸಿಟ್ಟಿಂಗ್ ಅಂದ್ರೆ ಮನೆಯವರು ಊರಿಗೆ ಹೋದಾಗ ನೀವು ಅವರ ಮನೇಲಿದ್ದು ನೋಡ್ಕೊಳ್ಳೋದು. ನಾಯೀನೇ ನಿಮ್ಮನೆಗೆ ಬಂದು ಉಳ್ಕೊಂಡ್ರೆ ಅದು ಬೋರ್ಡಿಂಗ್. ಇದಕ್ಕೆಲ್ಲ ಆಪ್‌ಗಳಿದಾವೆ, ಅವು ಕಮಿಷನ್ ಹಿಡ್ಕೊಳ್ತವೆ. ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್ ಇದೆ, ಅಲ್ಲಿ ಕಮಿಷನ್ ಇಲ್ಲ, ನೆಮ್ಮದಿ ಕಟ್ ಆಗುತ್ತೆ ಅಷ್ಟೆ. ಆಯ್ತು, ಬೇಸಿಕ್ಸ್ ಮುಗೀತು.

[ಪರದೆ ಮೇಲೆ: ಲೆಕ್ಕದ ಹಾಳೆ]

ಈಗ ಲೆಕ್ಕ. ಒಂದು ವಾಕಿಗೆ 150 ರೂಪಾಯಿ ಅಂದ್ಕೊಳ್ಳಿ. ರೇಟು ಏರಿಯಾ ಮೇಲೆ ಹೆಚ್ಚುಕಮ್ಮಿ ಆಗುತ್ತೆ, ಇದು ಸುಮ್ನೆ ಲೆಕ್ಕಕ್ಕೆ. ನಾಯಿ ಇರೋದು ನಿಮ್ಮನೆಯಿಂದ 4 ಕಿಲೋಮೀಟರ್ ದೂರದಲ್ಲಿ. ಗಾಡೀಲಿ ಹೋಗೋಕೆ 25 ನಿಮಿಷ, ವಾಕಿಂಗ್ 30, ಬರೋಕೆ 25. ಒಟ್ಟು 1 ಗಂಟೆ 20 ನಿಮಿಷ. ಪೆಟ್ರೋಲಿಗೆ 30 ಕಳೀರಿ. ಗಂಟೆಗೆ 90 ರೂಪಾಯಿ ಬಿತ್ತು. ಅದೇ 4 ನಾಯಿ ನಿಮ್ಮ ಬಿಲ್ಡಿಂಗಲ್ಲೇ ಇದ್ರೆ? ಪ್ರತಿಯೊಂದಕ್ಕೆ ಅರ್ಧ ಗಂಟೆ, ಲಿಫ್ಟಿಗೆ 5 ನಿಮಿಷ. ಒಟ್ಟು 2 ಗಂಟೆ 20 ನಿಮಿಷ, 600 ರೂಪಾಯಿ. ಗಂಟೆಗೆ 250ರ ಮೇಲೆ. ತಿಂಗಳಲ್ಲಿ 26 ದಿನ ಹಿಡಿದ್ರೆ 15,600.

ಅಂದ್ರೆ ನಾಯಿ ಅದೇ, ನೀವೂ ಅದೇ, ಬದಲಾಗಿದ್ದು ರಸ್ತೆ ಬದಲು ಲಿಫ್ಟು. ನಮ್ಮ ಹಾಲು ಹಾಕೋರಿಗೆ, ಪೇಪರ್ ಹಾಕೋರಿಗೆ ಇದು ಯಾವ ಕಾಲದಿಂದಲೋ ಗೊತ್ತು. ಅವರು "ಜಯನಗರದಲ್ಲಿ ಒಂದು ಮನೆ, ಹೆಬ್ಬಾಳದಲ್ಲಿ ಒಂದು ಮನೆ" ಅಂತ ಲೈನ್ ಹಿಡಿಯೋದಿಲ್ಲ. ಒಂದು ಬೀದಿ ಹಿಡೀತಾರೆ, ಆ ಬೀದಿಯನ್ನ ಅರೆದು ಕುಡೀತಾರೆ. ರೀಲ್ಸಲ್ಲಿ ಬರೋ 30 ಸಾವಿರ ಬುರುಡೆ ಅಲ್ಲ. ಆದ್ರೆ ಅದು ಬೆಳಿಗ್ಗೆ ನಾಲ್ಕು, ಸಂಜೆ ನಾಲ್ಕು, ಎಲ್ಲಾ ಒಂದೇ ಕಾಂಪೌಂಡಲ್ಲಿ ಇರೋರ ಲೆಕ್ಕ. ಆಫೀಸ್ ಕೆಲಸದ ಜೊತೆ ಅಷ್ಟು ಆಗಲ್ಲ. ನನಗಂತೂ ಮೂರೇ ನಾಯಿ ಸಿಕ್ಕಿದ್ದು, ಅದೂ ಬೆಳಿಗ್ಗೆ ಮಾತ್ರ.

ಅಂದ ಹಾಗೆ, ಲಿಫ್ಟಲ್ಲಿ ನಾಯಿ ಬೇಡ ಅಂತ ನಿಮ್ಮ ಅಸೋಸಿಯೇಷನ್‌ನವರು ಬೋರ್ಡ್ ಹಾಕಿದ್ರೆ, ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಸುತ್ತೋಲೆ ತೋರಿಸಿ. ಹಾಗೆ ನಿಷೇಧ ಮಾಡೋ ಹಾಗಿಲ್ಲ ಅಂತ ಅದರಲ್ಲಿದೆ. ಆದ್ರೆ ನಗ್ತಾ ತೋರಿಸಿ. ಗಿರಾಕಿಗಳು ಬೇಕಾಗಿರೋದೂ ಅದೇ ಬಿಲ್ಡಿಂಗಲ್ಲಿ ತಾನೇ?

"ಅಕ್ಕಾ, ನಾಲ್ಕನ್ನೂ ಒಟ್ಟಿಗೇ ಕರ್ಕೊಂಡು ಹೋದ್ರೆ ಅರ್ಧ ಗಂಟೇಲಿ 600 ಅಲ್ವಾ?" ಅಂತೀರಿ. ನಾನೂ ಅದೇ ಅಂದ್ಕೊಂಡೆ. 1960ರ ದಶಕದಲ್ಲಿ ನ್ಯೂಯಾರ್ಕಲ್ಲಿ ಜಿಮ್ ಬಕ್ ಅನ್ನೋ ಮನುಷ್ಯ ಸೇಲ್ಸ್ ಕೆಲಸ ಬಿಟ್ಟು ಇದನ್ನೇ ಮಾಡಿದ. ಶ್ರೀಮಂತರ ನಾಯಿಗಳನ್ನ ಗುಂಪು ಗುಂಪಾಗಿ ನಡೆಸ್ಕೊಂಡು ಹೋಗೋದು. ಅದಕ್ಕೆ "ನಾಯಿಗಳ ಶಾಲೆ" ಅಂತ ಹೆಸರಿಟ್ಟು, ಕೈಕೆಳಗೆ ಜನ ಇಟ್ಕೊಂಡು, ಅದನ್ನ ಒಂದು ವೃತ್ತೀನೇ ಮಾಡಿಬಿಟ್ಟ. ಅರ್ಜೆಂಟೀನಾದ ಬ್ಯೂನಸ್ ಐರಿಸಲ್ಲಿ ಇವತ್ತಿಗೂ ಒಬ್ಬೊಬ್ಬರು ಸೊಂಟಕ್ಕೆ ಹಗ್ಗ ಕಟ್ಕೊಂಡು ದಂಡು ನಡೆಸ್ತಾರೆ. ಅಲ್ಲಿ ಒಬ್ಬರಿಗೆ 8 ನಾಯಿ ಅಂತ ನಗರದ ನಿಯಮಾನೇ ಇದೆ.

ಬೆಂಗಳೂರಲ್ಲಿ? ಎರಡು ನಾಯಿ ಹಿಡ್ಕೊಂಡು ಗೇಟ್ ದಾಟಿ ನೋಡಿ. ನಮ್ಮ ಪ್ರತಿ ಕ್ರಾಸಿಗೂ ಒಂದು ಬೀದಿನಾಯಿ ಗ್ಯಾಂಗ್ ಇದೆ, ಪ್ರತಿ ಗ್ಯಾಂಗಿಗೂ ಒಂದು ಗಡಿ ಇದೆ. ಬೇಕರಿ ಮುಂದೆ ಮಲಗಿರೋ ಕರಿಯ, ಟ್ರಾನ್ಸ್‌ಫಾರ್ಮರ್ ಹತ್ರದ ಒಂಟಿ ಕಿವಿ, ಇವರ ಅಪ್ಪಣೆ ಇಲ್ಲದೆ ಮುಂದಿನ ಕ್ರಾಸಿಗೆ ಎಂಟ್ರಿ ಇಲ್ಲ. ಕೈಯಲ್ಲಿ ಒಂದು ನಾಯಿ ಇದ್ರೆ ಹೇಗೋ ಸಂಧಾನ ಆಗುತ್ತೆ. ಎರಡಿದ್ರೆ ಅದು ದಂಡಯಾತ್ರೆ. ಹಾಗಾಗಿ ಒಂದ್ಸಲಕ್ಕೆ ಒಂದೇ ನಾಯಿ.

[ದೃಶ್ಯ: ಅಡುಗೆಮನೆ ಕಟ್ಟೆ, ಹುಣಸೆಹಣ್ಣಿನ ಡಬ್ಬ]

ಈಗ ಈ ವಿಡಿಯೋ ನಾನು ಯಾಕೆ ಮಾಡಿದೆ ಅನ್ನೋದಕ್ಕೆ ನಿಜವಾದ ಕಾರಣ. ವಾಕಿಂಗ್ ಪಕ್ಕಕ್ಕಿಡಿ. ಬೋರ್ಡಿಂಗ್ ಅಂತ ಬೇರೆಯವರ ನಾಯಿ ನಿಮ್ಮನೇಲಿ ಬಂದು ಕೂತಾಗ ದೊಡ್ಡ ಅಪಾಯ ರಸ್ತೇಲಿ ಇರಲ್ಲ, ಈ ಡಬ್ಬಗಳಲ್ಲಿರುತ್ತೆ.

ಚಾಕಲೇಟ್ ಕೊಡಬಾರದು, ಈರುಳ್ಳಿ ಕೊಡಬಾರದು, ಇದು ಎಲ್ಲರಿಗೂ ಗೊತ್ತು. ದ್ರಾಕ್ಷಿ, ಒಣದ್ರಾಕ್ಷಿ ತಿಂದ್ರೆ ನಾಯಿಯ ಕಿಡ್ನಿ ಕೆಡಬಹುದು ಅನ್ನೋದೂ ಸುಮಾರು ಜನಕ್ಕೆ ಗೊತ್ತು. ಅಂದ್ರೆ ಕೇಸರಿಬಾತ್, ಪಾಯಸ ಎರಡೂ ಔಟ್. ಆದ್ರೆ ಯಾಕೆ ಕೆಡುತ್ತೆ ಅನ್ನೋದು ಸುಮಾರು 20 ವರ್ಷ ಯಾರಿಗೂ ಗೊತ್ತಿರಲಿಲ್ಲ. ಔಷಧಿ ಹೊಡೆದಿದ್ರಿಂದಾನಾ? ಬೂಷ್ಟು ಹಿಡಿದಿದ್ರಿಂದಾನಾ? ಒಂದು ನಾಯಿ ಗೊಂಚಲು ತಿಂದ್ರೂ ಏನೂ ಆಗಲ್ಲ, ಇನ್ನೊಂದು ನಾಲ್ಕು ತಿಂದು ಆಸ್ಪತ್ರೆ ಸೇರುತ್ತೆ. ತಲೆಬುಡ ಇಲ್ಲ.

ಹೀಗಿರುವಾಗ ಅಮೆರಿಕದಲ್ಲಿ, ಪ್ರಾಣಿಗಳು ವಿಷ ತಿಂದಾಗ ಫೋನ್ ಮಾಡೋಕೆ ಅಂತಾನೇ ಇರೋ ಎಎಸ್‌ಪಿಸಿಎ ಕೇಂದ್ರಕ್ಕೆ ಒಂದು ಕೇಸ್ ಬಂತು. ಮಕ್ಕಳು ಆಡೋಕೆ ಅಂತ ಮನೇಲಿ ಮಾಡಿದ್ದ ಹಿಟ್ಟಿನ ಉಂಡೆಯನ್ನ ನಾಯಿ ತಿಂದಿತ್ತು. ವಾಂತಿ, ಆಮೇಲೆ ಕಿಡ್ನಿ ಫೇಲ್. ಅಲ್ಲಿನ ಪಶುವೈದ್ಯೆಗೆ ಇದನ್ನ ಎಲ್ಲೋ ನೋಡಿದೀನಲ್ಲ ಅನ್ನಿಸ್ತು: ಥೇಟ್ ದ್ರಾಕ್ಷಿ ತಿಂದ ನಾಯಿಯ ಥರ! ಹಿಟ್ಟಲ್ಲಿ ದ್ರಾಕ್ಷಿ ಇಲ್ಲ. ಇದ್ದಿದ್ದು ಕ್ರೀಮ್ ಆಫ್ ಟಾರ್ಟರ್ ಅನ್ನೋ ಪುಡಿ. ಬೇಕಿಂಗ್ ಮಾಡೋರಿಗೆ ಗೊತ್ತಿರುತ್ತೆ. ಅದು ಬರೋದು ಎಲ್ಲಿಂದ? ವೈನ್ ಪೀಪಾಯಿಗಳಲ್ಲಿ ಕಟ್ಟೋ ಗಷ್ಟಿನಿಂದ. ಅಂದ್ರೆ ದ್ರಾಕ್ಷಿಯಿಂದಾನೇ. ಎರಡಕ್ಕೂ ಕೊಂಡಿ ಟಾರ್ಟಾರಿಕ್ ಆಮ್ಲ. ತಳಿ, ಮಾಗಿದ ಹದ ನೋಡ್ಕೊಂಡು ದ್ರಾಕ್ಷಿಯಲ್ಲಿ ಅದರ ಪ್ರಮಾಣ ಬದಲಾಗುತ್ತೆ. ಕೆಲವು ನಾಯಿಗೆ ಏನೂ ಆಗದೆ ಕೆಲವಕ್ಕೆ ಆಗ್ತಿದ್ದಿದ್ದು ಯಾಕೆ ಅನ್ನೋದಕ್ಕೂ ಇದು ಹೊಂದಿಕೊಳ್ಳುತ್ತೆ. 2021ರಲ್ಲಿ ಇದನ್ನ ಪ್ರಕಟ ಮಾಡಿದ್ರು.

ಈಗ ಹೇಳಿ, ಟಾರ್ಟಾರಿಕ್ ಆಮ್ಲ ತುಂಬಿ ತುಳುಕೋ ಇನ್ನೊಂದು ಹಣ್ಣು ಯಾವುದು?

[ಡಬ್ಬದ ಮುಚ್ಚಳ ತೆಗೆದು ಕ್ಯಾಮೆರಾಗೆ ತೋರಿಸುವುದು]

ಹುಣಸೆ! ಹುಣಸೆಯ ಹುಳಿಗೆ ಮುಖ್ಯ ಕಾರಣಾನೇ ಅದು. ಮುಂದಿನ ವರ್ಷ ಅದೇ ವೈದ್ಯರ ತಂಡ ಬರೆದ ವರದೀಲಿ, ಹುಣಸೆ ತಿಂದು ಕಿಡ್ನಿಗೆ ಪೆಟ್ಟಾದ ನಾಯಿಗಳ ಕೇಸೂ ಇದೆ. ಇದನ್ನ ಓದಿದಾಗ ನಾನು ಹತ್ತು ನಿಮಿಷ ಈ ಡಬ್ಬಾನೇ ನೋಡ್ತಾ ಕೂತಿದ್ದೆ. ಸಾರು, ಹುಳಿ, ಗೊಜ್ಜು, ಪುಳಿಯೋಗರೆ, ಬಿಸಿಬೇಳೆಬಾತ್. ನಮ್ಮ ಅಡುಗೆ ನಿಂತಿರೋದೇ ಇದರ ಮೇಲೆ.

"ನಮ್ಮಜ್ಜಿ ಮನೆ ನಾಯಿ ಜೀವನಪೂರ್ತಿ ಸಾರನ್ನ ತಿಂದೇ ಬದುಕಿತ್ತು" ಅಂತ ಕಾಮೆಂಟ್ ಬರುತ್ತೆ, ಗೊತ್ತು. ನಮ್ಮಜ್ಜಿ ಮನೇಲೂ ಅಷ್ಟೇ. ತಿಳಿಸಾರಲ್ಲಿ ಇರೋ ಹುಳಿ ಎಷ್ಟು, ಹುಣಸೆ ಉಂಡೆಯಲ್ಲಿರೋದು ಎಷ್ಟು, ಪ್ರಮಾಣದ್ದೇ ಪ್ರಶ್ನೆ. ಸಾರು ಚೆಲ್ಲಿ ಅಂತ ನಾನು ಹೇಳ್ತಿಲ್ಲ. ಆದ್ರೆ ಅಜ್ಜಿ ಮನೆ ನಾಯಿ ಅಜ್ಜೀದು. ನಿಮ್ಮನೇಲಿ ಬಂದು ಮಲಗಿರೋದು ಬೇರೆಯವರ ಮಗು ಥರ ಸಾಕಿರೋ ನಾಯಿ, ದುಡ್ಡು ಕೊಟ್ಟು ಬಿಟ್ಟು ಹೋಗಿದಾರೆ. ಅವರು ಕಳಿಸಿರೋ ಡಬ್ಬದಲ್ಲಿ ಏನಿದೆಯೋ ಅದು, ಅಷ್ಟೇ. ನಾಯಿ ಎಷ್ಟೇ ದೈನ್ಯವಾಗಿ ನೋಡಿದ್ರೂ ಊಟದ ತಟ್ಟೆಯಿಂದ ಒಂದು ತುತ್ತೂ ಬೇಡ. ನೆಲದ ಹತ್ರ ಇರೋ ಗೂಡಲ್ಲಿ ಹುಣಸೆ ಡಬ್ಬ ಇಡಬೇಡಿ. ನಾನು ಈಗ ಮೇಲಿನ ಗೂಡಿಗೆ ಏರಿಸಿದೀನಿ. ಅಮ್ಮ ಬಂದಾಗೆಲ್ಲ ಸ್ಟೂಲ್ ಹತ್ತಿ ನನಗೆ ಬೈತಾಳೆ.

[ಕ್ಯಾಮೆರಾ ಹಿಂದಿನಿಂದ: "ಎಂಟು ನಿಮಿಷ ಆಯ್ತು!"]

ಅಯ್ಯೋ, ಹುಣಸೇಲೇ ಟೈಮ್ ಹೋಯ್ತು. ಉಳಿದಿದ್ದನ್ನ ಬಡಬಡ ಹೇಳ್ತೀನಿ. ಹೊಸ ನಾಯಿ ಒಪ್ಕೊಳ್ಳೋ ಮೊದಲು ಅದರ ವ್ಯಾಕ್ಸಿನ್ ಕಾರ್ಡ್ ನೋಡಿ. ಡಾಕ್ಟರ್ ಹತ್ರ ಮಾತಾಡಿ ನೀವೂ ಮುಂಚೇನೇ ರೇಬೀಸ್ ಲಸಿಕೆ ಹಾಕಿಸ್ಕೊಳ್ಳಿ. ಅದು ಕಚ್ಚಿಸ್ಕೊಂಡ ಮೇಲೆ ಮಾತ್ರ ಹಾಕೋದಲ್ಲ, ಇಂಥ ಕೆಲಸ ಮಾಡೋರಿಗೆ ಮುಂಚೆ ಹಾಕೋ ಕೋರ್ಸೂ ಇದೆ. ಆದ್ರೂ ಕಚ್ಚಿದ್ರೆ, ಪರಚಿದ್ರೆ, ಹರಿಯೋ ನೀರಲ್ಲಿ ಸೋಪ್ ಹಾಕಿ 15 ನಿಮಿಷ ತೊಳೆದು ಸೀದಾ ಆಸ್ಪತ್ರೆಗೆ. ಅರಿಶಿನ, ಸುಣ್ಣ ಮೆತ್ತೋದು ಬೇಡ. ಬೇಸಿಗೇಲಿ ಟಾರ್ ರಸ್ತೆ ಮೇಲೆ ನಿಮ್ಮ ಕೈ ಹಿಂಭಾಗ ಇಟ್ಟು ನೋಡಿ, ನಿಮಗೆ ಚುರುಕ್ ಅಂದ್ರೆ ಅದಕ್ಕೂ ಚುರುಕ್ ಅನ್ನುತ್ತೆ. ಬಂದ ದುಡ್ಡನ್ನ ಟ್ಯಾಕ್ಸ್ ರಿಟರ್ನಲ್ಲಿ ತೋರಿಸಿ. ಜಿಎಸ್‌ಟಿ ಅಂತ ಹೆದರಬೇಡಿ, ಸೇವೆಗಳಿಗೆ ಅದು ಶುರುವಾಗೋದು ವರ್ಷಕ್ಕೆ 20 ಲಕ್ಷ ದಾಟಿದ ಮೇಲೆ. ಬ್ರೂನೋಗಳಿಂದ ಅಲ್ಲಿಗೆ ಮುಟ್ಟಿದ್ರೆ ನನಗೂ ಒಂದು ಕೆಲಸ ಕೊಡಿ. ಐಟಿಯವರು ಆಫರ್ ಲೆಟರ್ ಒಂದ್ಸಲ ತೆಗೆದು ಓದಿ. 2022ರ ಮೂನ್‌ಲೈಟಿಂಗ್, ಅಂದ್ರೆ ಕೆಲಸದ ಜೊತೆ ಇನ್ನೊಂದು ಕೆಲಸ ಮಾಡೋದರ ಗಲಾಟೆ ನೆನಪಿದೆಯಲ್ಲ? ಹಾಂ, ಶುರುವಲ್ಲಿ ಜೇಬಲ್ಲಿತ್ತಲ್ಲ, ಆ ಹಳೇ ಪೇಪರ್ ಯಾಕೆ ಅಂದ್ರೆ, ನಾಯಿ ಕೂರೋ ಕ್ಷಣ ಗೊತ್ತಾದ್ರೆ ನೆಲಕ್ಕೆ ಬೀಳೋ ಮುಂಚೇನೇ ಕೆಳಗೆ ಜಾರಿಸಬಹುದು. ಇದು ಕಲೆ. ನನಗೆ ಮೂರು ವಾರ ಹಿಡೀತು. ಕ್ಲಾಸಿಫೈಡ್ಸ್ ಪೇಜು ಒಳ್ಳೇದು.

ಕೊನೇದು ಬೀಗದ ಕೈ ವಿಷಯ, ಇದನ್ನ ಮಾತ್ರ ಓಡಿಸಲ್ಲ.

ದಸರಾ ರಜೆಗೆ ಮೂರನೇ ಮಹಡಿ ಆಂಟಿ ಮನೆಯವರೆಲ್ಲ ಮಂಗಳೂರಿಗೆ ಹೊರಟ್ರು. ಅವರ ಇಂಡಿ, ಅಂದ್ರೆ ನಮ್ಮ ನಾಟಿ ತಳಿ ನಾಯಿ ಪುಟ್ಟಿಯನ್ನ ಅವರ ಮನೇಲೇ ಇದ್ದು ನಾಲ್ಕು ದಿನ ನೋಡ್ಕೊಳ್ಳೋ ಕೆಲಸ ನಂದು. ಈ ಲೈನಲ್ಲಿ ದುಡ್ಡು ಸುಗ್ಗಿಯಾಗೋದು ಹಬ್ಬಕ್ಕೇ. ಹಾಗಾಗಿ ನಿಮ್ಮ ಹಬ್ಬ ನೀವು ಮರೀಬೇಕು. ಆಂಟಿ ಫ್ರಿಜ್ ಮೇಲೆ ಮೂರು ಹಾಳೆ ಅಂಟಿಸಿದ್ರು. ಊಟ, ಮಾತ್ರೆ, ಡಾಕ್ಟರ್ ನಂಬರ್, ಎಲ್ಲಾ ಇತ್ತು. ಬೀಗದ ಕೈ ಮಾತ್ರ ಕೊಡ್ತಾ ಕೊಡ್ತಾ ಹಿಂದಕ್ಕೆ ತಗೊಂಡ್ರು. "ಅಲ್ಲಮ್ಮ, ನೀನು ಎಷ್ಟನೇ ಮಹಡಿ ಅಂದೆ?" ನಾಲ್ಕು ವಾರದಿಂದ ಅವರ ನಾಯಿ ನನ್ನ ಕೈಲಿತ್ತು, ಆ ಪ್ರಶ್ನೆ ಅಲ್ಲೀವರೆಗೆ ಬಂದಿರಲಿಲ್ಲ. ಬೆಳಗಿನ ವಾಕಿಗೆ ಬಾಗಿಲು ತೆಗೀತಿದ್ದಿದ್ದು ಅವರೇ. ಖಾಲಿ ಮನೆಯ ಕೈ ಕೊಡೋದು ಬೇರೆ ವಿಷಯ. ಅವತ್ತು ಸಂಜೆ ನಾನು ಆಧಾರ್ ಜೆರಾಕ್ಸ್, ಅಮ್ಮನ ಫೋನ್ ನಂಬರ್ ಎರಡೂ ಕೊಟ್ಟು ಬಂದೆ.

ಪುಟ್ಟಿ ಎರಡು ದಿನ ಬಾಗಿಲ ಕಡೆ ಮುಖ ಮಾಡ್ಕೊಂಡು ಮಲಗಿತ್ತು. ಅನ್ನ-ಚಿಕನ್ ಮೂಸಿ ಕೂಡ ನೋಡಲಿಲ್ಲ. ಲಿಫ್ಟ್ ನಿಂತ ಸದ್ದಾದಾಗೆಲ್ಲ ಕಿವಿ ಎದ್ದು ನಿಲ್ಲೋದು, ಆಮೇಲೆ ಮಡಚ್ಕೊಳ್ಳೋದು. ನಾನೂ ಪಕ್ಕದಲ್ಲಿ ನೆಲದ ಮೇಲೇ ಲ್ಯಾಪ್‌ಟಾಪ್ ಇಟ್ಕೊಂಡು ಕೂತಿದ್ದೆ, ಕರೀಲಿಲ್ಲ, ಮುದ್ದಾಡಲಿಲ್ಲ. ಎರಡನೇ ರಾತ್ರಿ ತಾನಾಗೇ ಎದ್ದು ಬಂದು, ಬೆನ್ನು ನನ್ನ ಕಾಲಿಗೆ ತಾಗಿಸಿ, ಮುಖ ಮಾತ್ರ ಬಾಗಿಲ ಕಡೆಗೇ ಇಟ್ಕೊಂಡು ಮಲಗಿತು. ಮೂರನೇ ಬೆಳಿಗ್ಗೆ ತಟ್ಟೆ ಖಾಲಿ.

ನಾಲ್ಕನೇ ದಿನ ಲಿಫ್ಟಿನ ಬಾಗಿಲು ತೆಗೀತು. ಪುಟ್ಟಿ ನನ್ನ ಕಾಲ್ಮೇಲೇ ಹಾರ್ಕೊಂಡು ಹೋಯ್ತು, ಒಂದು ಸಲಾನೂ ತಿರುಗಿ ನೋಡಲಿಲ್ಲ. ಕೃತಘ್ನ ಪ್ರಾಣಿ. ಆಂಟಿ ಫೋನ್ ತೆಗೆದು ದುಡ್ಡು ಕಳಿಸಿದ್ರು, ಟಿಂಗ್ ಅಂತು. ನಾನು ಬೀಗದ ಕೈ ತೆಗೆದು ಕೈಚಾಚಿದೆ.

"ನಿನ್ನತ್ರನೇ ಇರ್ಲಮ್ಮ," ಅಂದ್ರು ಆಂಟಿ, ಚಪ್ಪಲಿ ಬಿಡ್ತಾ. "ದೀಪಾವಳಿಗೆ ಬೇಕಾಗುತ್ತಲ್ಲ."