ಟಿಕ್ ಟಿಕ್ ಅಂದ್ರೆ ಸಾಲದು ಸ್ವಾಮಿ!

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಒಬ್ರು ಬರೆದಿದ್ದಾರೆ: "ಎಚ್‌ಎಂಟಿ ಜನತಾ ವಾಚು ಕೈಯಿಂದ ಜಾರಿ ಬಿತ್ತು. ಕಿವಿಗಿಟ್ಟು ಕೇಳ್ದೆ, ಟಿಕ್ ಟಿಕ್ ಅಂತಿದೆ, ಏನೂ ಆಗಿಲ್ಲ." ಅದಕ್ಕೆ ನಲವತ್ತು ಲೈಕು! ಸ್ವಾಮಿ, ಟಿಕ್ ಟಿಕ್ ಅಂದ್ರೆ ವಾಚು ಓಡ್ತಿದೆ ಅಂತಷ್ಟೇ. ಸರಿಯಾಗಿ ಓಡ್ತಿದೆ ಅಂತಲ್ಲ. ಜ್ವರ ಬಂದೋರೂ ಉಸಿರಾಡ್ತಾರೆ.

ವಾಚಿನೊಳಗೆ ಹಿಂದೆ ಮುಂದೆ ಆಡ್ತಾ ಟೈಮ್ ಅಳೆಯೋ ಚಕ್ರ ಇದೆಯಲ್ಲ, ಬ್ಯಾಲೆನ್ಸ್ ವೀಲ್, ಅದು ತಿರುಗೋದು ಒಂದು ಉಕ್ಕಿನ ಕಡ್ಡಿ ಮೇಲೆ. ಅದರ ತುದಿ, ಪಿವಟ್ ಅಂತೀವಲ್ಲ, ಸುಮಾರು 0.1 ಮಿಲಿಮೀಟರ್. ತಲೆಗೂದಲಿನಷ್ಟು. ಅದು ಚೂರು ಬಾಗಿದ್ರೂ ವಾಚು ನಿಲ್ಲಲ್ಲ. ಮಲಗಿಸಿದ್ರೆ ಒಂಥರಾ, ನೆಟ್ಟಗೆ ನಿಲ್ಲಿಸಿದ್ರೆ ಇನ್ನೊಂಥರಾ ಟೈಮ್ ತೋರ್ಸುತ್ತೆ. ಹೇರ್‌ಸ್ಪ್ರಿಂಗ್ ಅಂದ್ರೆ ಆ ಚಕ್ರವನ್ನ ಆಡಿಸೋ ಸಣ್ಣ ಸ್ಪ್ರಿಂಗು. ಅದರ ಸುರುಳಿ ಒಂದಕ್ಕೊಂದು ಸಿಕ್ಕಿಕೊಂಡ್ರೆ ಸ್ಪ್ರಿಂಗ್ ಗಿಡ್ಡ ಆದ ಹಾಗೆ. ವಾಚು ಹುಚ್ಚೆದ್ದು ಮುಂದೆ ಓಡುತ್ತೆ. ಆಗ್ಲೂ ಏನನ್ನುತ್ತೆ? ಟಿಕ್ ಟಿಕ್!

ಜನತಾ ಸೆಕೆಂಡಿಗೆ 5 ಏಟು ಹೊಡೆಯುತ್ತೆ, ದಿನಕ್ಕೆ 4,32,000. ದಿನಕ್ಕೆ 14 ನಿಮಿಷ ಮುಂದೆ ಓಡಿದ್ರೂ ಸದ್ದಿನಲ್ಲಿ ವ್ಯತ್ಯಾಸ ನೂರಕ್ಕೆ ಒಂದು. ಯಾವ ಕಿವೀರಿ ನಿಮ್ದು, ಮೃದಂಗ ವಿದ್ವಾಂಸರದ್ದಾ?

"ಡಯಲ್ ಮೇಲೆ ಪ್ಯಾರಾಶಾಕ್ ಅಂತ ಬರೆದಿದೆಯಲ್ಲ!" ಬಂತು ನೋಡಿ. ಅದು ಏಟು ತಡೆಯೋ ವ್ಯವಸ್ಥೆ, ಆದ್ರೆ ಕಾಯೋದು ಬ್ಯಾಲೆನ್ಸ್ ಪಿವಟ್ಟನ್ನ. ಹೇರ್‌ಸ್ಪ್ರಿಂಗನ್ನಲ್ಲ, ಮುಳ್ಳನ್ನಲ್ಲ, ಗ್ಲಾಸನ್ನಲ್ಲ. ಶಾಕ್ ತಡೆಯೋ ವಾಚಿಗೆ ಐಎಸ್‌ಒ 1413 ಅಂತ ಅಂತರರಾಷ್ಟ್ರೀಯ ಅಳತೆ ಇದೆ: ಗಟ್ಟಿ ಮರದ ನೆಲಕ್ಕೆ 1 ಮೀಟರ್ ಎತ್ತರದಿಂದ ಬಿದ್ದಷ್ಟು ಏಟು. ಮರ! ನಿಮ್ಮನೆ ನೆಲ ಗ್ರಾನೈಟು.

ಅಂದ ಹಾಗೆ, ಸಬ್‌ಸ್ಕ್ರೈಬ್ ಆಗಿಲ್ದೆ ಪುಕ್ಕಟೆ ಕೇಳ್ತಿರೋರೇ, ಬಟನ್ ಕೆಳಗಿದೆ. ಒತ್ತಿದ್ರೆ ಪಿವಟ್ ಬಾಗಲ್ಲ.

ಸರಿ, ಬಿತ್ತು. ಅಲ್ಲಾಡಿಸಬೇಡಿ. ಗ್ಲಾಸ್ ಒಡೆದಿದ್ರೆ ಕೀ ಕೊಡಬೇಡಿ, ಮುಳ್ಳು ತಿರುಗಿಸಬೇಡಿ. ಚೂರು ಮುಳ್ಳಿಗೆ ಸಿಕ್ಕಿ ಡಯಲ್ ಗೀರುತ್ತೆ, ಪುಡಿ ಒಳಕ್ಕಿಳಿಯುತ್ತೆ. ಸೀದಾ ರಿಪೇರಿಯವರ ಹತ್ರ. ಗ್ಲಾಸ್ ಸರಿಯಿದ್ರೆ, ಕೀ ತಿರುಗಿಸಿ ನೋಡಿ. ಓಲಾಡ್ತಿದ್ರೆ ಅದರ ಕಡ್ಡಿ ಬಾಗಿರಬಹುದು, ಇನ್ನು ಅಲ್ಲಿಂದ ನೀರು ನುಗ್ಗೋದಕ್ಕೆ ರಾಜಮಾರ್ಗ. ಓಲಾಡ್ತಿಲ್ವಾ, ಪೂರ್ತಿ ಕೀ ಕೊಟ್ಟು ಮೊಬೈಲ್ ಟೈಮಿಗೆ ಹೊಂದಿಸಿ. ಡಯಲ್ ಮೇಲೆ ಮಾಡಿ 24 ಗಂಟೆ ಇಡಿ, ಎಷ್ಟು ಹೆಚ್ಚುಕಮ್ಮಿ ಅಂತ ಬರೆದಿಡಿ. ಮತ್ತೆ ಕೀ ಕೊಟ್ಟು, ಕೀ ಕೆಳಗಾಗೋ ಹಾಗೆ ನಿಲ್ಲಿಸಿ ಇನ್ನೊಂದು ದಿನ. ಬೀಳೋ ಮುಂಚೆ ಹೇಗೆ ಓಡ್ತಿತ್ತೋ ಅದಕ್ಕಿಂತ ಒಂದು ನಿಮಿಷ ಆಚೀಚೆ ಆಗಿದ್ರೆ ತೆಗೆಸಿ ನೋಡ್ಸಿ. ಟೈಮ್‌ಗ್ರಾಫರ್ ಅಂತ ವಾಚಿನ ವೇಗ ಅಳೆಯೋ ಯಂತ್ರ ಇರೋರ ಹತ್ರ ಹೋಗಿ, ಎರಡು ನಿಮಿಷದ ಕೆಲಸ.

ಕಿವಿಗೆ ಕೆಲಸವೇ ಇಲ್ವಾ? ಇದೆ, ಒಂದೇ ಒಂದು. ಆಟೊಮ್ಯಾಟಿಕ್, ಅಂದ್ರೆ ಕೈ ಆಡಿದ ಹಾಗೆ ತಾನೇ ಕೀ ತುಂಬಿಕೊಳ್ಳೋ ವಾಚಾದ್ರೆ, ಮೆಲ್ಲಗೆ ಓರೆ ಮಾಡಿ. ಒಳಗೆ ತಿರುಗಿ ಕೀ ತುಂಬೋ ತೂಕ, ರೋಟರ್, ಕರಕರ ಅಂದ್ರೆ ಸ್ಕ್ರೂ ಸಡಿಲ ಆಗಿರಬಹುದು. ಅದು ಕರಕರ, ಟಿಕ್ ಟಿಕ್ ಅಲ್ಲ!

"ನಮ್ಮ ತಾತನ ವಾಚು ಹತ್ತು ಸಲ ಬಿದ್ರೂ ಏನೂ ಆಗಿರ್ಲಿಲ್ಲ ಸಾರ್." ತಾತ ಆಫೀಸಿಗೆ ಎಷ್ಟು ಹೊತ್ತಿಗೆ ಹೋಗ್ತಿದ್ರು ಅಂತ ಯಾರಾದ್ರೂ ಕೇಳಿದ್ರಾ?

ಟೀ ಶರ್ಟ್ ಬಂದಿದೆ, ಎದೆ ಮೇಲೆ "ಟಿಕ್ ಟಿಕ್ ಸಾಲದು" ಅಂತ. ಎಲ್ ಸೈಜ್ ಖಾಲಿ. ಆ ನಲವತ್ತು ಜನ, ಲೈಕ್ ವಾಪಸ್ ತಗೊಳ್ಳಿ. ಕಾಯ್ತಿದೀನಿ.