ಹತ್ತು ಲಕ್ಷದಲ್ಲಿ ಒಂದು: ಸ್ಟ್ಯಾನ್ಲಿ ಕೊಹೆನ್ ಹಿಡಿದ ಜರಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ಸ್ಟ್ಯಾನ್ಲಿ ಕೊಹೆನ್ ಅಂದಕೂಡಲೇ ಹುಟ್ಟುವ ಒಂದು ಗೊಂದಲವನ್ನು ಮೊದಲೇ ಬಿಡಿಸಿಬಿಡೋಣ. ಅಮೆರಿಕದಲ್ಲಿ ಈ ಹೆಸರಿನ ಹೆಸರಾಂತ ವಿಜ್ಞಾನಿಗಳು ಇಬ್ಬರು. ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಅಂಶಗಳನ್ನು ಕಂಡುಹಿಡಿದು 1986ರಲ್ಲಿ ನೊಬೆಲ್ ಪಡೆದವರು ಒಬ್ಬರು. ಇವತ್ತಿನ ಮಾತು ಇನ್ನೊಬ್ಬರದು: ಸ್ಟ್ಯಾನ್ಲಿ ನಾರ್ಮನ್ ಕೊಹೆನ್, ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ತಳಿವಿಜ್ಞಾನಿ. ಇವರಿಗೆ ನೊಬೆಲ್ ಬರಲಿಲ್ಲ. ಆದರೆ ಬ್ಯಾಕ್ಟೀರಿಯಾದ ಹೊಟ್ಟೆಯಲ್ಲಿ ಇನ್ಸುಲಿನ್ ತಯಾರಾಗುವ ಕಾಲಕ್ಕೆ ಬಾಗಿಲು ತೆರೆದವರಲ್ಲಿ ಇವರು ಮೊದಲ ಸಾಲಿನವರು.

ಹುಟ್ಟಿದ್ದು 1935ರಲ್ಲಿ, ನ್ಯೂಜೆರ್ಸಿಯ ಪರ್ತ್ ಆಂಬಾಯ್ ಎಂಬ ಊರಲ್ಲಿ. ರಟ್‌ಗರ್ಸ್‌ನಲ್ಲಿ ಪದವಿ, 1960ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಎಂ.ಡಿ. ಅಂದರೆ ಓದಿದ್ದು ವೈದ್ಯಕೀಯ. ಇದನ್ನು ಒತ್ತಿ ಹೇಳುವುದಕ್ಕೆ ಕಾರಣವಿದೆ. 1968ರಲ್ಲಿ ಸ್ಟ್ಯಾನ್‌ಫರ್ಡ್ ಸೇರಿದಾಗ ಅವರು ಹಿಡಿದುಕೊಂಡ ಪ್ರಶ್ನೆ ವೈದ್ಯರದೇ: ಒಂದು ಬ್ಯಾಕ್ಟೀರಿಯಾ ಒಮ್ಮೆಗೇ ನಾಲ್ಕೈದು ಆಂಟಿಬಯಾಟಿಕ್‌ಗಳಿಗೆ ಜಗ್ಗದೆ ನಿಲ್ಲುವುದು ಹೇಗೆ? ಜಪಾನಿನಲ್ಲಿ 1950ರ ದಶಕದಲ್ಲೇ ಆಮಶಂಕೆಯ ಬ್ಯಾಕ್ಟೀರಿಯಾಗಳಲ್ಲಿ ಇಂಥದ್ದು ಕಾಣಿಸಿಕೊಂಡಿತ್ತು. ಈ ತಡೆಯುವ ಗುಣ ಮುಖ್ಯ ವರ್ಣತಂತುವಿನಲ್ಲಿ ಇರುವುದಿಲ್ಲ. ಪಕ್ಕದಲ್ಲಿ ಬಳೆಯಂತೆ ಸುತ್ತಿಕೊಂಡಿರುವ ಪುಟ್ಟ ಡಿಎನ್‌ಎಯಲ್ಲಿ, ಅಂದರೆ ಪ್ಲಾಸ್ಮಿಡ್‌ನಲ್ಲಿ ಇರುತ್ತದೆ. ಆ ಬಳೆಯ ಯಾವ ಭಾಗ ಯಾವ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು. ಕೊಹೆನ್ ಹೊರಟಿದ್ದು ಇಷ್ಟಕ್ಕೇ. ಜೈವಿಕ ತಂತ್ರಜ್ಞಾನ ಎಂಬ ಉದ್ಯಮ ಅವರ ಲೆಕ್ಕದಲ್ಲೇ ಇರಲಿಲ್ಲ.

ಅವರ ಕೈಯಲ್ಲಿದ್ದ ಆರ್6-5 ಎಂಬ ಪ್ಲಾಸ್ಮಿಡ್ ದೊಡ್ಡದು, ಸುಮಾರು ಒಂದು ಲಕ್ಷ ಜೋಡಿ ಅಕ್ಷರದಷ್ಟು. ಎ, ಟಿ, ಜಿ, ಸಿ ಎಂಬ ನಾಲ್ಕು ರಾಸಾಯನಿಕಗಳೇ ಇಲ್ಲಿನ ಅಕ್ಷರಗಳು. ಅದನ್ನು ತುಂಡು ಮಾಡಬೇಕು, ಒಂದೊಂದು ತುಂಡನ್ನೂ ಬ್ಯಾಕ್ಟೀರಿಯಾದೊಳಕ್ಕೆ ಸೇರಿಸಿ ಏನಾಗುತ್ತದೆ ನೋಡಬೇಕು. ಆದರೆ ಇ. ಕೋಲಿ ಎಂಬ ಕರುಳಿನ ಬ್ಯಾಕ್ಟೀರಿಯಾ ಹೊರಗಿನ ಡಿಎನ್‌ಎಯನ್ನು ಸುಮ್ಮನೆ ಒಳಗೆ ಬಿಟ್ಟುಕೊಳ್ಳುವುದಿಲ್ಲ. 1970ರಲ್ಲಿ ಹವಾಯಿಯ ಮ್ಯಾಂಡೆಲ್ ಮತ್ತು ಹಿಗಾ ಒಂದು ಉಪಾಯ ತೋರಿಸಿಕೊಟ್ಟರು: ಕೋಶಗಳನ್ನು ತಣ್ಣನೆಯ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ನೆನೆಸಿದರೆ ವೈರಸ್ಸಿನ ಡಿಎನ್‌ಎ ಒಳಹೋಗುತ್ತದೆ. ಕೊಹೆನ್, ಅವರ ಸಹಾಯಕಿ ಆನಿ ಚಾಂಗ್ ಮತ್ತು ವೈದ್ಯಕೀಯ ವಿದ್ಯಾರ್ಥಿ ಲೆಸ್ಲಿ ಶೂ 1972ರಲ್ಲಿ ಇದೇ ಉಪಾಯ ಪ್ಲಾಸ್ಮಿಡ್‌ಗೂ ನಡೆಯುತ್ತದೆ ಎಂದು ಸಾಧಿಸಿದರು.

ಈ ಹೆಜ್ಜೆಯನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಬಯೋಟೆಕ್ ಓದುವ ಮಕ್ಕಳು ಈಗಲೂ ಹೆಚ್ಚುಕಡಿಮೆ ಹೀಗೇ ಮಾಡುತ್ತಾರೆ, ಎಡವುವುದೂ ಇಲ್ಲೇ. ರಾತ್ರಿ ಬೆಳೆಸಿಟ್ಟ ಇ. ಕೋಲಿಯಲ್ಲಿ 1 ಮಿಲಿಲೀಟರ್ ತೆಗೆದು 100 ಮಿಲಿಲೀಟರ್ ಹೊಸ ಪೋಷಕ ಸಾರಿನಲ್ಲಿ ಹಾಕಿ, 37 ಡಿಗ್ರಿಯಲ್ಲಿ ಅಲ್ಲಾಡಿಸುತ್ತಾ ಎರಡು, ಎರಡೂವರೆ ಗಂಟೆ ಬೆಳೆಸುತ್ತಾರೆ. 600 ನ್ಯಾನೊಮೀಟರ್ ಬೆಳಕಿನಲ್ಲಿ ಅಳೆದಾಗ ಸಾಂದ್ರತೆ 0.3ರಿಂದ 0.4 ಬಂದ ಕೂಡಲೇ ನಿಲ್ಲಿಸಬೇಕು. ಇನ್ನೊಂದರ್ಧ ಗಂಟೆ ಬಿಡೋಣ ಎಂದು ಕೂತರೆ ಕೋಶಗಳು ಬಲಿತುಬಿಡುತ್ತವೆ, ಡಿಎನ್‌ಎ ಹಿಡಿಯುವ ಶಕ್ತಿ ಇಳಿದುಹೋಗುತ್ತದೆ. ಹತ್ತು ನಿಮಿಷ ಮಂಜುಗಡ್ಡೆಯಲ್ಲಿಟ್ಟು, 4 ಡಿಗ್ರಿಯಲ್ಲಿ ಸೆಂಟ್ರಿಫ್ಯೂಜ್ ತಿರುಗಿಸಿ, ತಳಕ್ಕೆ ಕೂತ ಕೋಶಗಳನ್ನು 0.1 ಮೋಲಾರ್ ಕ್ಯಾಲ್ಸಿಯಂ ಕ್ಲೋರೈಡ್‌ನಲ್ಲಿ ಮೆಲ್ಲಗೆ ಕದಡಬೇಕು. ಮೆಲ್ಲಗೆ ಎಂದರೆ ಮೆಲ್ಲಗೆ. ಕ್ಯಾಲ್ಸಿಯಂನಲ್ಲಿ ನೆಂದ ಕೋಶಗಳು ಬಲು ನಾಜೂಕು. ಗಿರ್ರನೆ ಕಲಕುವ ವೋರ್ಟೆಕ್ಸ್ ಯಂತ್ರಕ್ಕೆ ಒತ್ತಿದರೆ ಸಾಯುತ್ತವೆ. ಅರ್ಧ ಗಂಟೆ ಮಂಜಿನಲ್ಲಿಟ್ಟು ಮತ್ತೆ ತಿರುಗಿಸಿ, ಕೊನೆಗೆ 2 ಮಿಲಿಲೀಟರ್‌ನಷ್ಟು ಅದೇ ತಣ್ಣನೆಯ ದ್ರಾವಣದಲ್ಲಿ ಕದಡಿದರೆ ಕೋಶಗಳು ಸಿದ್ಧ.

ಇದರಲ್ಲಿ 100 ಮೈಕ್ರೋಲೀಟರ್‌ಗೆ ಹತ್ತು ನ್ಯಾನೊಗ್ರಾಂ ಪ್ಲಾಸ್ಮಿಡ್ ಸಾಕು. ಅರ್ಧ ಗಂಟೆ ಮಂಜು, ಆಮೇಲೆ 42 ಡಿಗ್ರಿ ನೀರಿನಲ್ಲಿ 45ರಿಂದ 90 ಸೆಕೆಂಡ್, ಮತ್ತೆ ಎರಡು ನಿಮಿಷ ಮಂಜು. ನಂತರ ಔಷಧವಿಲ್ಲದ ಸಾರು ಹಾಕಿ ಒಂದು ಗಂಟೆ 37 ಡಿಗ್ರಿಯಲ್ಲಿ ಇಡಬೇಕು. ಅವಸರದವರು ಬಿಟ್ಟುಬಿಡುವುದು ಈ ಒಂದು ಗಂಟೆಯನ್ನೇ. ಒಳಹೋದ ಜೀನ್ ಔಷಧವನ್ನು ಎದುರಿಸುವ ಪ್ರೋಟೀನ್ ತಯಾರಿಸಲು ಹೊತ್ತು ಬೇಡವೇ? ಅದಕ್ಕೆ ಮೊದಲೇ ಕ್ಯಾನಮೈಸಿನ್ ಎಂಬ ಆಂಟಿಬಯಾಟಿಕ್ ಬೆರೆಸಿದ ಅಗಾರ್ ತಟ್ಟೆಗೆ, ಅಂದರೆ ಬ್ಯಾಕ್ಟೀರಿಯಾ ಬೆಳೆಸುವ ಗಟ್ಟಿ ಪೋಷಕದ ತಟ್ಟೆಗೆ ಬಳಿದರೆ, ಪ್ಲಾಸ್ಮಿಡ್ ಪಡೆದ ಕೋಶವೂ ಪಡೆಯದ ಕೋಶದ ಜೊತೆಗೇ ಸಾಯುತ್ತದೆ. ಟೆಟ್ರಾಸೈಕ್ಲಿನ್ ಎಂಬ ಇನ್ನೊಂದು ಆಂಟಿಬಯಾಟಿಕ್ ಇರುವ ತಟ್ಟೆಯ ರಗಳೆ ಬೇರೆ. ಅದು ಬೆಳಕಿಗೆ ಕೆಡುತ್ತದೆ. ಕಿಟಕಿಯ ಪಕ್ಕ ಎರಡು ದಿನ ಇಟ್ಟ ತಟ್ಟೆಯಲ್ಲಿ ಎಲ್ಲ ಕೋಶಗಳೂ ಬೆಳೆದು ಬೆಳ್ಳನೆ ಹಾಸು ಹಾಸಿದ ಹಾಗೆ ಕಾಣುತ್ತದೆ. ನೋಡಿದವರು ಪ್ರಯೋಗ ಗೆದ್ದಿತೆಂದು ಹಿಗ್ಗುತ್ತಾರೆ. ಹಾಗಾಗಿಯೇ ಡಿಎನ್‌ಎ ಹಾಕದ ಕೋಶಗಳ ಒಂದು ತಟ್ಟೆ ಯಾವಾಗಲೂ ಪಕ್ಕದಲ್ಲಿರಬೇಕು. ಅದು ಖಾಲಿಯಾಗಿದ್ದರೆ ಮಾತ್ರ ಉಳಿದ ತಟ್ಟೆಗಳನ್ನು ನಂಬಬಹುದು.

ಇಷ್ಟೆಲ್ಲ ಪಾಡುಪಟ್ಟರೂ ಆಗ ಡಿಎನ್‌ಎ ಹಿಡಿಯುತ್ತಿದ್ದದ್ದು ಸುಮಾರು ಹತ್ತು ಲಕ್ಷ ಕೋಶಗಳಲ್ಲಿ ಒಂದು. ಈ ಕಾಲದ ಜೀನ್ ಕೆಲಸವನ್ನು ಎಲ್ಲರೂ ಕತ್ತರಿ ಮತ್ತು ಅಂಟು ಎಂದು ವರ್ಣಿಸುತ್ತಾರೆ. ನನ್ನ ಮಟ್ಟಿಗೆ ಕೊಹೆನ್ ಅವರ ದೊಡ್ಡ ಕೊಡುಗೆ ಜರಡಿ. ಹತ್ತು ಲಕ್ಷದಲ್ಲಿ ಆ ಒಂದನ್ನು ಹುಡುಕುವ ಶ್ರಮವನ್ನು ಅವರು ಆಂಟಿಬಯಾಟಿಕ್‌ಗೇ ವಹಿಸಿಬಿಟ್ಟರು. ಬೆಳಗಾಗುವಷ್ಟರಲ್ಲಿ ಬೇಡದ ಕೋಶಗಳೆಲ್ಲ ಸತ್ತಿರುತ್ತವೆ. ಬೇಕಾದ ಒಂದೇ ಕೋಶ ಕೋಟಿಗಟ್ಟಲೆಯಾಗಿ, ಸಾಸಿವೆ ಕಾಳಿನಷ್ಟು ಕಾಲೊನಿಯಾಗಿ ಕಣ್ಣಿಗೆ ಬೀಳುತ್ತದೆ. ರೋಗಿಯ ಪಾಲಿಗೆ ಶತ್ರುವಾದ ಔಷಧ ನಿರೋಧಕ ಗುಣ ಪ್ರಯೋಗಾಲಯದಲ್ಲಿ ಗುರುತಿನ ಚೀಟಿಯಾಯಿತು.

ಇನ್ನು ಕತ್ತರಿಯ ಕಥೆ. ಸ್ಯಾನ್ ಫ್ರಾನ್ಸಿಸ್ಕೊದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಹರ್ಬರ್ಟ್ ಬಾಯರ್ ಅವರ ಪ್ರಯೋಗಾಲಯದ ಕೈಯಲ್ಲಿ ಇಕೋಆರ್‌ಒನ್ ಎಂಬ ಕಿಣ್ವವಿತ್ತು. ಇದು ಡಿಎನ್‌ಎಯಲ್ಲಿ ಜಿ-ಎ-ಎ-ಟಿ-ಟಿ-ಸಿ ಎಂಬ ಆರಕ್ಷರ ಕಂಡಲ್ಲಿ ಕತ್ತರಿಸುತ್ತದೆ. ನೇರವಾಗಿ ಅಲ್ಲ, ಓರೆಯಾಗಿ. ಎರಡೂ ಕಡೆ ಎ-ಎ-ಟಿ-ಟಿ ಎಂಬ ನಾಲ್ಕಕ್ಷರದ ಬಾಲ ಉಳಿಯುತ್ತದೆ. ಯಾವ ಜೀವಿಯದಾದರೂ ಸರಿ, ಇದೇ ಕಿಣ್ವ ಕತ್ತರಿಸಿದ ತುಂಡುಗಳ ಬಾಲಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. 1972ರ ನವೆಂಬರ್‌ನಲ್ಲಿ ಹೊನೊಲುಲುವಿನಲ್ಲಿ ಪ್ಲಾಸ್ಮಿಡ್‌ಗಳ ಬಗ್ಗೆ ಅಮೆರಿಕ ಮತ್ತು ಜಪಾನ್ ವಿಜ್ಞಾನಿಗಳ ಸಭೆ. ಒಂದು ಸಂಜೆ ವೈಕಿಕಿಯ ತಿಂಡಿ ಅಂಗಡಿಯೊಂದರಲ್ಲಿ ಕೂತು ಮಾತಾಡುತ್ತಾ ಕೊಹೆನ್, ಬಾಯರ್ ಇಬ್ಬರಿಗೂ ಹೊಳೆಯಿತು: ಒಬ್ಬರ ಬಳಿ ಕತ್ತರಿ, ಇನ್ನೊಬ್ಬರ ಬಳಿ ಪ್ಲಾಸ್ಮಿಡ್ ಮತ್ತು ಅದನ್ನು ಕೋಶದೊಳಕ್ಕೆ ದಾಟಿಸುವ ದಾರಿ.

1973ರ ಮೊದಲ ತಿಂಗಳುಗಳಲ್ಲಿ ಕೆಲಸ ಶುರುವಾಯಿತು. ಆನಿ ಚಾಂಗ್ ವಾಸವಿದ್ದದ್ದು ಸ್ಯಾನ್ ಫ್ರಾನ್ಸಿಸ್ಕೊದಲ್ಲಿ, ಕೆಲಸ ಸ್ಟ್ಯಾನ್‌ಫರ್ಡ್‌ನಲ್ಲಿ. ಎರಡು ಪ್ರಯೋಗಾಲಯಗಳ ನಡುವೆ ಡಿಎನ್‌ಎ ಕೊಳವೆಗಳು ಅವರ ಕಾರಿನಲ್ಲೇ ಓಡಾಡಿದವು. ಬಾಯರ್ ಅವರ ಕಡೆ ರಾಬರ್ಟ್ ಹೆಲಿಂಗ್ ಇದ್ದರು. ಕತ್ತರಿಸಿದ ತುಂಡುಗಳನ್ನು ಅಗರೋಸ್ ಜೆಲ್‌ನಲ್ಲಿ ವಿದ್ಯುತ್ತಿನಿಂದ ಓಡಿಸಿ ಗಾತ್ರದ ಪ್ರಕಾರ ಬೇರ್ಪಡಿಸಿ, ಎಥಿಡಿಯಂ ಬ್ರೋಮೈಡ್ ಬಣ್ಣ ಕಟ್ಟಿ, ನೇರಳಾತೀತ ಬೆಳಕಿನಲ್ಲಿ ಕಿತ್ತಳೆ ಪಟ್ಟಿಗಳಾಗಿ ನೋಡುವ ವಿಧಾನ ಅವರ ಕೈಗೆ ಪಳಗಿತ್ತು.

ಆರ್6-5 ಅನ್ನು ಈ ಕಿಣ್ವ ಹನ್ನೆರಡರ ಆಸುಪಾಸು ತುಂಡು ಮಾಡುತ್ತದೆ. ಅಷ್ಟೊಂದು ಚೂರುಗಳಿದ್ದರೆ ಯಾವುದು ಯಾವುದಕ್ಕೆ ಅಂಟಿತು ಎಂದು ಬಿಡಿಸುವುದು ಕಷ್ಟ. ಅದಕ್ಕೆ ಪಿಎಸ್‌ಸಿ101 ಎಂಬ ಪುಟ್ಟ ಪ್ಲಾಸ್ಮಿಡ್ ಕೈಹಿಡಿಯಿತು. ಸುಮಾರು 9,300 ಜೋಡಿ ಅಕ್ಷರ, ಟೆಟ್ರಾಸೈಕ್ಲಿನ್ ತಡೆಯುವ ಜೀನ್ ಒಂದು, ಇಕೋಆರ್‌ಒನ್ ಕತ್ತರಿಸುವ ಜಾಗವೂ ಒಂದೇ ಒಂದು. ಆ ಒಂದು ಜಾಗ ಎಲ್ಲಿದೆ ಎನ್ನುವುದೇ ಅದೃಷ್ಟ. ಪ್ಲಾಸ್ಮಿಡ್ ತನ್ನ ನಕಲು ಮಾಡಿಕೊಳ್ಳಲು ಬೇಕಾದ ಭಾಗದಲ್ಲೂ ಇಲ್ಲ, ಟೆಟ್ರಾಸೈಕ್ಲಿನ್ ಜೀನ್‌ನ ಒಳಗೂ ಇಲ್ಲ. ಬಳೆ ಬಿಚ್ಚಿ ಹೊಸ ತುಂಡು ಸೇರಿಸಿ ಮುಚ್ಚಿದರೂ ಹಳೆಯ ಕೆಲಸಗಳೆಲ್ಲ ನಡೆಯುತ್ತವೆ.

ಆದರೆ ಅದೇ ಕಾರಣಕ್ಕೆ ಒಂದು ತೊಡಕು. ಹೊಸ ತುಂಡು ಸೇರಿದರೂ ಸೇರದಿದ್ದರೂ ಕಾಲೊನಿ ಟೆಟ್ರಾಸೈಕ್ಲಿನ್ ತಟ್ಟೆಯಲ್ಲಿ ಬೆಳೆಯುತ್ತದೆ. ಬಿಚ್ಚಿದ ಬಳೆ ತನ್ನ ಬಾಲ ತಾನೇ ಕಚ್ಚಿಕೊಂಡು ಮುಚ್ಚಿಕೊಳ್ಳುವುದೇ ಹೆಚ್ಚು. ಆದ್ದರಿಂದ ಸೇರಿಸುವ ತುಂಡಿಗೂ ಒಂದು ಗುರುತು ಬೇಕಾಯಿತು: ಪಿಎಸ್‌ಸಿ102 ಎಂಬ ಪ್ಲಾಸ್ಮಿಡ್‌ನಿಂದ ಕ್ಯಾನಮೈಸಿನ್ ತಡೆಯುವ ತುಂಡನ್ನು ಆರಿಸಿಕೊಂಡರು. ಎರಡನ್ನೂ ಕತ್ತರಿಸಿ, ಬೆರೆಸಿ, ಲೈಗೇಸ್ ಕಿಣ್ವದಿಂದ ಬೆಸೆದು, ಕೋಶಕ್ಕೆ ಹೊಗಿಸಿ, ಎರಡೂ ಔಷಧ ಇರುವ ತಟ್ಟೆಗೆ ಬಳಿದರು. ಬೆಳೆದ ಕಾಲೊನಿಯಿಂದ ಪ್ಲಾಸ್ಮಿಡ್ ತೆಗೆದು ಮತ್ತೆ ಕತ್ತರಿಸಿ ಜೆಲ್‌ನಲ್ಲಿ ಓಡಿಸಿದಾಗ ಎರಡೂ ಕಡೆಯ ಪಟ್ಟಿಗಳು ಒಂದೇ ಸಾಲಿನಲ್ಲಿ ನಿಂತಿದ್ದವು. ಲೇಖನ ಅಚ್ಚಾದದ್ದು 1973ರ ನವೆಂಬರ್‌ನಲ್ಲಿ.

ಬೆಸುಗೆಯ ಬಗ್ಗೆ ಒಂದು ಮಾತು. ನಾಲ್ಕಕ್ಷರದ ಬಾಲದ ಹಿಡಿತ ತೀರಾ ಸಡಿಲ, ಬೆಚ್ಚಗಾದರೆ ಬಿಟ್ಟುಕೊಳ್ಳುತ್ತದೆ. ಲೈಗೇಸ್‌ಗೋ ಬೆಚ್ಚಗಿದ್ದರೇ ಹುರುಪು. ಇಬ್ಬರಿಗೂ ಹೊಂದುವಂತೆ 12ರಿಂದ 16 ಡಿಗ್ರಿಯಲ್ಲಿ ರಾತ್ರಿಯಿಡೀ ಇಡುವ ರೂಢಿ ಬಂದದ್ದು ಹೀಗೆ. ಕತ್ತರಿಗೂ ಅದರದೇ ಹಠವಿದೆ. ಕಿಣ್ವವನ್ನು ಗ್ಲಿಸರಾಲ್‌ನಲ್ಲಿ ಇಟ್ಟಿರುತ್ತಾರೆ. ಬೇಗ ಕತ್ತರಿಸಲಿ ಎಂದು ಒಟ್ಟು ಮಿಶ್ರಣದ ಹತ್ತನೇ ಒಂದು ಪಾಲಿಗಿಂತ ಹೆಚ್ಚು ಸುರಿದರೆ, ಗ್ಲಿಸರಾಲ್ ಏರಿ, ಇಕೋಆರ್‌ಒನ್ ತನ್ನ ಆರಕ್ಷರದ ನಿಯಮ ಮರೆತು ಕಂಡಕಂಡಲ್ಲಿ ಕತ್ತರಿಸತೊಡಗುತ್ತದೆ.

ಬ್ಯಾಕ್ಟೀರಿಯಾದ ತುಂಡನ್ನು ಬ್ಯಾಕ್ಟೀರಿಯಾಕ್ಕೆ ಸೇರಿಸಿದ್ದಾಯಿತು. 1974ರಲ್ಲಿ ಆಫ್ರಿಕಾದ ಕಪ್ಪೆಯ ರೈಬೋಸೋಮ್ (ಕೋಶದಲ್ಲಿ ಪ್ರೋಟೀನ್ ತಯಾರಿಸುವ ಘಟಕ) ಜೀನ್‌ಗಳನ್ನೂ ಪಿಎಸ್‌ಸಿ101ಕ್ಕೆ ಹೊಲಿದರು. ಕಪ್ಪೆಯ ತುಂಡಿಗೆ ಔಷಧ ತಡೆಯುವ ಗುರುತಿಲ್ಲ. ಹಾಗಾಗಿ ಟೆಟ್ರಾಸೈಕ್ಲಿನ್ ತಟ್ಟೆಯ ಕಾಲೊನಿಗಳನ್ನು ಒಂದೊಂದಾಗಿ ಬೆಳೆಸಿ, ಜೆಲ್‌ನಲ್ಲಿ ಪರೀಕ್ಷಿಸಿ ಹೆಕ್ಕಬೇಕಾಯಿತು. ಈ ಗೋಳು ತಪ್ಪಿದ್ದು 1977ರಲ್ಲಿ, ಬಾಯರ್ ಪ್ರಯೋಗಾಲಯದ ಬೊಲಿವಾರ್ ಮತ್ತು ರಾಡ್ರಿಗಜ್ ಪಿಬಿಆರ್322 ಕಟ್ಟಿದ ಮೇಲೆ. ಅದರಲ್ಲಿ ಎರಡು ಔಷಧಗಳ ಜೀನ್‌ಗಳಿವೆ. ಒಂದರ ನಡುವೆ ಹೊಸ ತುಂಡು ತೂರಿಸಿದರೆ ಆ ಗುಣ ಅಳಿಯುತ್ತದೆ, ಇನ್ನೊಂದು ಉಳಿಯುತ್ತದೆ. ಜರಡಿಗೆ ಎರಡನೆಯ ಕಣ್ಣು ಬಂದಂತಾಯಿತು.

ಕಪ್ಪೆಯ ಸುದ್ದಿ 1974ರ ಮೇ ತಿಂಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನಲ್ಲಿ ಬಂತು. ಅದು ಸ್ಟ್ಯಾನ್‌ಫರ್ಡ್‌ನ ಪೇಟೆಂಟ್ ವ್ಯವಹಾರ ನೋಡುತ್ತಿದ್ದ ನೀಲ್ಸ್ ರೀಮರ್ಸ್ ಅವರ ಕಣ್ಣಿಗೆ ಬಿತ್ತು. ಕೊಹೆನ್ ಮೊದಲು ಒಪ್ಪಲಿಲ್ಲ; ಹಲವರ ಕೆಲಸದ ಮೇಲೆ ನಿಂತದ್ದಕ್ಕೆ ಪೇಟೆಂಟ್ ಎಂಥದ್ದು ಎಂಬ ಸಂಕೋಚ. ಕೊನೆಗೆ ಅರ್ಜಿ ಹೋದದ್ದು 1974ರ ನವೆಂಬರ್ 4ಕ್ಕೆ, ಲೇಖನ ಪ್ರಕಟವಾದ ಒಂದು ವರ್ಷದ ಗಡುವು ಮುಗಿಯಲು ಕೆಲವೇ ದಿನ ಇರುವಾಗ. ಈ ಒಂದು ವರ್ಷದ ರಿಯಾಯಿತಿ ಇದ್ದದ್ದು ಅಮೆರಿಕದಲ್ಲಿ. ಲೇಖನ ಮೊದಲೇ ಅಚ್ಚಾಗಿಬಿಟ್ಟದ್ದರಿಂದ ಹೊರದೇಶಗಳ ಹಕ್ಕು ಕೈತಪ್ಪಿತ್ತು. ಆ ಕಡೆ ಆನಂದ ಮೋಹನ ಚಕ್ರವರ್ತಿ ಅವರ ಎಣ್ಣೆ ತಿನ್ನುವ ಬ್ಯಾಕ್ಟೀರಿಯಾದ ಮೊಕದ್ದಮೆಯಲ್ಲಿ, ಮನುಷ್ಯ ರೂಪಿಸಿದ ಜೀವಿಗೆ ಪೇಟೆಂಟ್ ಕೊಡಬಹುದು ಎಂದು ಅಮೆರಿಕದ ಸುಪ್ರೀಂ ಕೋರ್ಟ್ 1980ರ ಜೂನ್‌ನಲ್ಲಿ ತೀರ್ಪಿತ್ತಿತು. ಅದೇ ಡಿಸೆಂಬರ್‌ನಲ್ಲಿ ಕೊಹೆನ್ ಮತ್ತು ಬಾಯರ್ ಪೇಟೆಂಟೂ ಸಿಕ್ಕಿತು. ಪರವಾನಗಿ ಪಡೆಯುವ ಕಂಪನಿ ಕೊಡಬೇಕಿದ್ದದ್ದು ಸೇರುವಾಗ 10,000 ಡಾಲರ್, ವರ್ಷಕ್ಕೆ ಮತ್ತೆ 10,000, ಮಾರಾಟದ ಮೇಲೆ ಸಣ್ಣ ಪಾಲು. ಯಾರಿಗೂ ಇಲ್ಲವೆನ್ನಲಿಲ್ಲ, ವಿಶ್ವವಿದ್ಯಾಲಯದ ಸಂಶೋಧಕರಿಂದ ಕಾಸು ಕೇಳಲಿಲ್ಲ. 1997ರಲ್ಲಿ ಅವಧಿ ಮುಗಿಯುವಷ್ಟರಲ್ಲಿ ಪರವಾನಗಿ ಪಡೆದವರು 468, ಬಂದ ಹಣ ಸುಮಾರು 25 ಕೋಟಿ 50 ಲಕ್ಷ ಡಾಲರ್. ದರ ಕಡಿಮೆ ಇಟ್ಟದ್ದೇ ಜಾಣತನ; ಹೆಚ್ಚು ಕೇಳಿದ್ದರೆ ಕಂಪನಿಗಳು ಕೋರ್ಟಿನ ಮೆಟ್ಟಿಲು ಹತ್ತುತ್ತಿದ್ದವು.

ಬಾಯರ್ 1976ರಲ್ಲಿ ರಾಬರ್ಟ್ ಸ್ವಾನ್ಸನ್ ಜೊತೆ ಜೆನೆಂಟೆಕ್ ಎಂಬ ಕಂಪನಿ ಕಟ್ಟಿದರು. ಅಲ್ಲಿ ರೂಪುಗೊಂಡ ಇನ್ಸುಲಿನ್‌ಗೆ 1982ರಲ್ಲಿ ಅಮೆರಿಕದ ಅನುಮತಿ ಬಂತು. ಇದೇ ದಾರಿಯಲ್ಲಿ, ಬ್ಯಾಕ್ಟೀರಿಯಾದ ಬದಲು ಪಿಕಿಯ ಎಂಬ ಯೀಸ್ಟ್ ಬಳಸಿ, ಬೆಂಗಳೂರಿನ ಬಯೋಕಾನ್ 2004ರಲ್ಲಿ ತನ್ನ ಇನ್ಸುಲಿನ್ ತಂದಿತು. ಕೊಹೆನ್ ಮಾತ್ರ ಪ್ರಯೋಗಾಲಯ ಬಿಡಲಿಲ್ಲ. 1978ರಲ್ಲಿ ಅವರ ಗುಂಪು ಇಲಿಯ ಡಿಎಚ್‌ಎಫ್‌ಆರ್ ಎಂಬ ಕಿಣ್ವವನ್ನು ಇ. ಕೋಲಿಯಲ್ಲಿ ಮಾಡಿಸಿತು, ಹೆಕ್ಕಲು ಮತ್ತೆ ಅದೇ ಜರಡಿ. ಟ್ರೈಮೆಥೊಪ್ರಿಮ್ ಎಂಬ ಔಷಧ ಬ್ಯಾಕ್ಟೀರಿಯಾದ ಬೆಳವಣಿಗೆಗೆ ಬೇಕಾದ, ಅದರದೇ ಡಿಎಚ್‌ಎಫ್‌ಆರ್ ಕಿಣ್ವವನ್ನು ಕಟ್ಟಿಹಾಕುತ್ತದೆ, ಇಲಿಯದರ ಮೇಲೆ ಅಷ್ಟಾಗಿ ನಾಟುವುದಿಲ್ಲ. ಹಾಗಾದರೆ ಟ್ರೈಮೆಥೊಪ್ರಿಮ್ ತಟ್ಟೆಯಲ್ಲಿ ಬದುಕುವುದು ಇಲಿಯ ಕಿಣ್ವ ನಿಜವಾಗಿ ಕೆಲಸ ಮಾಡುತ್ತಿರುವ ಕೋಶ ಮಾತ್ರ. ಜೀನ್ ಒಳಗಿದ್ದರೆ ಸಾಲದು, ಅದು ದುಡಿಯಲೂಬೇಕು. ನನ್ನನ್ನು ಕೇಳಿದರೆ, ಅವರ ಕೆಲಸಗಳಲ್ಲೆಲ್ಲ ಸೊಗಸಾದದ್ದು ಇದೇ.

ಇನ್ನು ಪಿಎಸ್‌ಸಿ101 ಬಗ್ಗೆ ಒಂದು ಬಾಕಿ ಇದೆ. ದೊಡ್ಡ ಆರ್6-5 ಅನ್ನು ಕಲಕಿ ಒಡೆದಾಗ ಸಿಕ್ಕ ಚೂರು ಇದು ಎಂದು ಅವರು 1973ರಲ್ಲಿ ಬರೆದಿದ್ದರು. ಮುಂದೆ ಹೋಲಿಸಿ ನೋಡಿದಾಗ ತಾಳೆಯಾಗಲಿಲ್ಲ. ಅದು ಚೂರಲ್ಲ, ಮೊದಲಿನಿಂದಲೂ ಬೇರೆಯಾಗಿಯೇ ಇದ್ದ ಸಹಜ ಪ್ಲಾಸ್ಮಿಡ್ ಎಂದು ಕೊಹೆನ್ ಮತ್ತು ಚಾಂಗ್ ತಾವೇ 1977ರಲ್ಲಿ ತಿದ್ದುಪಡಿ ಪ್ರಕಟಿಸಿದರು. ಹುಟ್ಟಿನ ಲೆಕ್ಕ ತಪ್ಪಿದರೂ ಅದರ ಉಪಯೋಗಕ್ಕೆ ಕುಂದು ಬರಲಿಲ್ಲ. ಒಂದು ಕೋಶದಲ್ಲಿ ಇದರ ನಕಲುಗಳು ಐದರ ಆಸುಪಾಸು ಮಾತ್ರ. ಹೆಚ್ಚಾದರೆ ಕೋಶಕ್ಕೆ ವಿಷವಾಗುವ ಜೀನ್ ಇಡಬೇಕಾದಾಗ ಇದನ್ನೇ ಹುಡುಕುತ್ತಾರೆ. ಶಾಖಕ್ಕೆ ಅಂಜುವ ಇದರ ಒಂದು ತಳಿಯನ್ನು ಜೀನ್ ತಿದ್ದುವವರು ಇವತ್ತಿಗೂ ಬಳಸುತ್ತಾರೆ. 30 ಡಿಗ್ರಿಯಲ್ಲಿ ಬೆಳೆಸಿ ಕೆಲಸ ಮಾಡಿಸಿಕೊಳ್ಳುವುದು. ಮುಗಿದ ಮೇಲೆ ಔಷಧವಿಲ್ಲದ ತಟ್ಟೆಗೆ ಬಳಿದು 37ಕ್ಕೆ ಏರಿಸುವುದು. ಮರುದಿನದ ಕಾಲೊನಿಗಳಲ್ಲಿ ಪ್ಲಾಸ್ಮಿಡ್ ಉದುರಿಹೋಗಿರುತ್ತದೆ.

ನಮಸ್ಕಾರ.