ಟ್ರಂಕಿನೊಳಗಿನ ಎರಡು ಪುಸ್ತಕ

ಕೇಳುಗರಿಗೆ ನಮಸ್ಕಾರ.

ನಮ್ಮ ಮನೆಯ ಟ್ರಂಕಿನಲ್ಲಿ ಎರಡು ಲೆಕ್ಕದ ಪುಸ್ತಕಗಳಿವೆ. ಒಂದು ನನ್ನ ತಂದೆಯವರದು, ರಾಯಚೂರು ಗಂಜಿನ, ಎಂದರೆ ಬೆಳೆ ಮಾರುವ ಪೇಟೆಯ, ದಲಾಲಿ ಅಂಗಡಿಗೆ ಸಂಬಂಧಿಸಿದ್ದು. ಇನ್ನೊಂದು ಅವ್ವನದು, ಮದುವೆಗಳಲ್ಲಿ ಕೊಟ್ಟು ಪಡೆಯುವ ಮುಯ್ಯಿಯದು. ನಾನು ಮಾನವಶಾಸ್ತ್ರ ಓದಿದ್ದು ಕಾಲೇಜಿನಲ್ಲಿ. ಆದರೆ ಅದರ ಮೊದಲ ಪಾಠ ಈ ಎರಡು ಪುಸ್ತಕಗಳಲ್ಲೇ ಇತ್ತು ಎಂದು ತಿಳಿಯಲು ಬಹಳ ವರ್ಷ ಬೇಕಾಯಿತು.

ಅವ್ವನಿಗೆ ಓದು ಬಾರದು. ನೆಂಟರ ಮದುವೆ ಬಂತೆಂದರೆ ಪುಸ್ತಕ ತೆಗೆದು ನನ್ನ ಮುಂದೆ ಹಿಡಿಯುತ್ತಾಳೆ. ನಾನು ಓದುತ್ತಾ ಹೋಗುತ್ತೇನೆ. ಇಂಥ ಊರಿನ ಇಂಥ ಮನೆಯವರು, ಅಕ್ಕನ ಮದುವೆಗೆ ಐವತ್ತೊಂದು ರೂಪಾಯಿ. ಇಂಥವರು, ಖಣ ಒಂದು. ಇಂಥವರು, ಜೋಳ ಐದು ಸೇರು. ಅವರು ಐವತ್ತೊಂದು ಬರೆಸಿದ್ದರೆ ಅವ್ವ ನೂರಾ ಒಂದು ಬರೆಸುತ್ತಾಳೆ. ಅವರು ಕೊಟ್ಟಷ್ಟನ್ನೇ ಕೊಟ್ಟರೆ ಸಾಲದೇ ಎಂದು ಒಮ್ಮೆ ಕೇಳಿದೆ. "ಅಷ್ಟಕ್ಕಷ್ಟೇ ಕೊಟ್ಟರೆ ಲೆಕ್ಕ ಹರಿದುಹೋಗುತ್ತದೆ, ನಾಳೆ ಅವರು ನಮ್ಮ ಮನೆಗೆ ಯಾಕೆ ಬರಬೇಕು?" ಎಂದಳು. ಇಬ್ಬರ ನಡುವೆ ಪ್ರೀತಿ ಸಾಲದೆ ಹೋದಾಗ ನಾವು ಏನೆನ್ನುತ್ತೇವೆ? "ಅವರದು ಅಷ್ಟಕ್ಕಷ್ಟೇ" ಎನ್ನುತ್ತೇವಲ್ಲವೇ? ಅವ್ವನ ತತ್ವ ನಮ್ಮ ಮಾತಿನಲ್ಲಿ ಮೊದಲೇ ಕೂತಿತ್ತು.

ತಂದೆಯವರ ಪುಸ್ತಕದ ನಿಯಮ ಇದಕ್ಕೆ ತೀರಾ ಉಲ್ಟಾ. ಬಿತ್ತನೆಗೆ ಮುಂಗಡ ತಂದದ್ದು, ಹತ್ತಿ ಹಾಕಿದ್ದು, ದಲಾಲಿ, ಹಮಾಲಿ ಕಳೆದದ್ದು, ಕೊನೆಗೆ ಉಳಿದ ಬಾಕಿ. ಬಾಕಿ ತೀರಿ ಅಂಗಡಿಯವರು ಅಡ್ಡಗೆರೆ ಎಳೆದ ದಿನ ತಂದೆ ಗಂಜಿನಿಂದ ಪೇಡೆ ತರುತ್ತಿದ್ದರು. ಒಂದೇ ಮನೆ, ಒಂದೇ ಟ್ರಂಕು. ಒಂದು ಪುಸ್ತಕದಲ್ಲಿ ಲೆಕ್ಕ ಮುಗಿಸುವುದು ಮರ್ಯಾದೆ, ಇನ್ನೊಂದರಲ್ಲಿ ಮುಗಿಸದಿರುವುದೇ ಮರ್ಯಾದೆ.

ನ್ಯೂಗಿನಿ ಬಳಿಯ ಟ್ರೋಬ್ರಿಯಾಂಡ್ ದ್ವೀಪಗಳಲ್ಲಿ ಮೊದಲ ಮಹಾಯುದ್ಧದ ವರ್ಷಗಳನ್ನು ಕಳೆದ ಮಾಲಿನೋವ್‌ಸ್ಕಿ ಎಂಬ ಮಾನವಶಾಸ್ತ್ರಜ್ಞ 1922ರಲ್ಲಿ ಇಂಥದ್ದೇ ಸಂಗತಿಯನ್ನು ಜಗತ್ತಿಗೆ ತಿಳಿಸಿದ. ಅಲ್ಲಿನವರು ದೋಣಿ ಕಟ್ಟಿಕೊಂಡು ದೂರದ ದ್ವೀಪಗಳಿಗೆ ಹೋಗಿ ಕೆಂಪು ಚಿಪ್ಪಿನ ಸರ ಕೊಡುತ್ತಿದ್ದರು, ಬಿಳಿ ಚಿಪ್ಪಿನ ತೋಳಬಳೆ ಪಡೆಯುತ್ತಿದ್ದರು. ಸರಗಳು ದ್ವೀಪದಿಂದ ದ್ವೀಪಕ್ಕೆ ಒಂದು ದಿಕ್ಕಿನಲ್ಲಿ ಸುತ್ತಿದರೆ ಬಳೆಗಳು ಎದುರು ದಿಕ್ಕಿನಲ್ಲಿ. ಯಾವುದೂ ಯಾರ ಬಳಿಯೂ ಬಹುಕಾಲ ನಿಲ್ಲುವಂತಿಲ್ಲ. ಇದಕ್ಕೆ ಅವರ ಹೆಸರು ಕುಲ. ಅದೇ ಪ್ರಯಾಣದಲ್ಲಿ ಚೌಕಾಸಿ ಮಾಡಿ ಸಾಮಾನು ಕೊಳ್ಳುವುದೂ ನಡೆಯುತ್ತಿತ್ತು, ಅದಕ್ಕೆ ಗಿಮ್ವಾಲಿ ಎಂಬ ಬೇರೆಯೇ ಹೆಸರು. ಒಬ್ಬನು ಕುಲವನ್ನು ಗಿಮ್ವಾಲಿಯಂತೆ ಮಾಡುತ್ತಾನೆ ಎಂದರೆ ಅದು ಬೈಗುಳ. ಮದುವೆ ಮನೆಯಲ್ಲಿ ಮುಯ್ಯಿಗೆ ಚೌಕಾಸಿ ಮಾಡುವವನನ್ನು ನಮ್ಮೂರು ಏನೆಂದು ಕರೆಯುತ್ತದೆ ಎಂಬುದು ನಿಮಗೆ ಗೊತ್ತು.

ಕೊಡುವುದು, ಪಡೆಯುವುದು, ಮರಳಿ ಕೊಡುವುದು, ಈ ಮೂರೂ ಕಟ್ಟುಪಾಡುಗಳೇ ಎಂದು ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಮಾರ್ಸೆಲ್ ಮೋಸ್ 1925ರಲ್ಲಿ ವಾದಿಸಿದ. ಇಂಗ್ಲಿಷಿನಲ್ಲಿ ಉಡುಗೊರೆ ಎನಿಸುವ ಗಿಫ್ಟ್ ಎಂಬ ಶಬ್ದ ಜರ್ಮನ್ ಭಾಷೆಯಲ್ಲಿ ವಿಷವಾಗಿರುವುದು ಅವನನ್ನು ಕಾಡಿತ್ತು. ಅವನಿಗೆ ಕನ್ನಡ ಬರುತ್ತಿದ್ದರೆ ಎಷ್ಟು ಚೆನ್ನಾಗಿತ್ತು! ಮದುವೆಯ ಕಾಣಿಕೆಗೆ ನಮ್ಮಲ್ಲಿ ಮುಯ್ಯಿ. ಒಬ್ಬರ ಹೊಲಕ್ಕೆ ಇನ್ನೊಬ್ಬರು ದುಡಿದು ಆ ದುಡಿಮೆಯನ್ನು ದುಡಿಮೆಯಲ್ಲೇ ಮರಳಿಸುವುದು ಮುಯ್ಯಾಳು. ಸೇಡು ತೀರಿಸಿಕೊಳ್ಳುವುದಕ್ಕೂ ಮುಯ್ಯಿ. ಕಾಣಿಕೆಯೂ ಹಗೆಯೂ ಮರಳಿ ಬಂದೇ ಬರುತ್ತವೆ ಎಂಬುದನ್ನು ಹಿರಿಯರು ಒಂದೇ ಶಬ್ದದಲ್ಲಿ ಹಿಡಿದಿಟ್ಟಿದ್ದಾರೆ.

ನಮ್ಮ ವ್ಯಾಕರಣವನ್ನೂ ಸ್ವಲ್ಪ ಗಮನಿಸಿ. ದುಡ್ಡು ನನ್ನ ಹತ್ತಿರ ಇದೆ ಎನ್ನುತ್ತೇವೆ. ಮಕ್ಕಳು ನನಗೆ ಇದ್ದಾರೆ ಎನ್ನುತ್ತೇವೆ. ಸಾಲ ಮಾತ್ರ ನನ್ನ ಮೇಲೆ ಇದೆ. ದುಡ್ಡು ಬಳಿಯಲ್ಲಿ ಬಂದು ನಿಂತ ಅತಿಥಿ, ಸಾಲ ಹೆಗಲೇರಿದ ಹೊರೆ. ಭಾಷೆ ನಮ್ಮ ಯೋಚನೆಯನ್ನು ಸೆರೆಹಿಡಿದಿಡುತ್ತದೆ ಎಂಬ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ಹುಟ್ಟಿದಂದಿನಿಂದ ಹೀಗೆ ಮಾತಾಡಿದವರಿಗೆ ಸಾಲದ ಭಾರ ಮೈಗೆ ತಾಗುವ ಬಗೆಯೇ ಬೇರೆ ಎಂಬುದನ್ನು ಕಣ್ಣಾರೆ ಕಂಡಿದ್ದೇನೆ.

ಕೃಷ್ಣೆ ಮತ್ತು ತುಂಗಭದ್ರೆಯ ನಡುವಿನ ಈ ನೆಲಕ್ಕೇ ಎರಡು ಹೆಸರು. ಶಾಸನಗಳಲ್ಲಿ ಎಡೆದೊರೆ ನಾಡು, ಪಾರಸಿಯಲ್ಲಿ ದೋಆಬ್. ಎರಡರ ಅರ್ಥವೂ ಎರಡು ಹೊಳೆಗಳನ್ನೇ ಹೇಳುತ್ತದೆ. ಒಂದು ಜೋಳದ ಚೀಲದ ಬೆನ್ನು ಹತ್ತಿ ಹೊಲದಿಂದ ಗಂಜಿಗೆ ಹೋದರೆ ದಾರಿಯಲ್ಲಿ ಮಾತು ಬದಲಾಗುವುದು ಕೇಳಿಸುತ್ತದೆ. ಹೊಲದಲ್ಲಿ ಹರಗುವುದು, ಬಿತ್ತುವುದು, ಕೂರಿಗೆ, ಕುಂಟೆ, ತೆನೆ, ಕಣ. ಎಲ್ಲವೂ ಅಚ್ಚಗನ್ನಡ. ಕಣದಲ್ಲಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಲಾಭ, ಎರಡು, ಮೂರು. ನನ್ನ ತಾತ ಆ ಲಾಭ ಎಂಬ ಶಬ್ದವನ್ನು ಎಷ್ಟು ಮೆಲ್ಲಗೆ, ಎಷ್ಟು ಭಕ್ತಿಯಿಂದ ಹೇಳುತ್ತಿದ್ದನೆಂದರೆ, ಮಕ್ಕಳಾದ ನಾವು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದೆವು. ಚೀಲ ಬಂಡಿ ಏರಿ ಗಂಜು ಮುಟ್ಟಿತೋ, ಹಮಾಲ, ದಲಾಲ, ನಗದು, ಬಾಕಿ, ರಸೀದಿ, ವಸೂಲಿ ಶುರುವಾಗುತ್ತವೆ. ಇವು ಅರಬ್ಬಿ, ಪಾರಸಿ ಮೂಲದವು. ಆದಿಲಶಾಹಿಗಳು ಆಳಿ, 1948ರವರೆಗೆ ನಿಜಾಮರ ಆಡಳಿತವಿದ್ದ ಸೀಮೆ ಇದು. ಬೆಳೆ ನಮ್ಮ ಮಾತಿನಲ್ಲಿ ಬೆಳೆಯಿತು, ಲೆಕ್ಕ ಕಚೇರಿಯ ಮಾತಿನಲ್ಲಿ ನಡೆಯಿತು. ಒಕ್ಕಲುತನ ಮಾಡುವವನಿಗೆ ಅಂಟಿದ ರೈತ ಎಂಬ ಹೆಸರು ಕೂಡ ಅರಬ್ಬಿಯಲ್ಲಿ ದೊರೆಗೆ ಅಧೀನನಾದ ಪ್ರಜೆ ಎಂಬ ಅರ್ಥದ್ದು. ಇಂದು ಆ ಶಬ್ದವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ, ಅದರ ಹೆಸರಿನಲ್ಲಿ ಸಂಘ ಕಟ್ಟುತ್ತೇವೆ. ಬಂದ ಶಬ್ದವನ್ನು ಜನ ತಮ್ಮದಾಗಿಸಿಕೊಂಡ ಈ ಬಗೆ ನನಗೆ ಬಹಳ ಇಷ್ಟ.

ಹಳೆಯದೆಲ್ಲ ಒಳ್ಳೆಯದು ಎಂದು ನಾನು ಹೇಳುತ್ತಿಲ್ಲ. ಮುಯ್ಯಿ ಸರೀಕರ ನಡುವಿನದು. ಕಣದಲ್ಲಿ ಬಡಿಗ, ಕಂಬಾರ, ಕುಂಬಾರ, ಅಗಸರಿಗೆ ಅಳೆಯುತ್ತಿದ್ದ ಆಯ ಹಾಗಲ್ಲ. ಪಡೆಯುವವರಿಗೆ ಅದು ದುಡಿಮೆಯ ಪಾಲು. ಕೊಡುವವರಲ್ಲಿ ಹಲವರ ಬಾಯಲ್ಲಿ ಅದು ದಾನವಾಗುತ್ತಿತ್ತು. ಯಾರ ಶಬ್ದ ಗೆದ್ದಿತು ಎಂಬುದರ ಮೇಲೆ ಯಾರು ತಲೆ ತಗ್ಗಿಸಬೇಕು ಎಂಬುದು ನಿಂತಿತ್ತು. ಸಾಲಕ್ಕೆ ಮಗನನ್ನು ಒಡೆಯನ ಮನೆಯಲ್ಲಿ ಬಿಟ್ಟವರು ಹುಡುಗ ಸಂಬಳಕ್ಕಿದ್ದಾನೆ ಎನ್ನುತ್ತಿದ್ದರು. ಸಂಬಳ ಅವನ ಕೈಗೆ ಬರುತ್ತಲೇ ಇರಲಿಲ್ಲ. 1976ರ ಕಾಯ್ದೆ ಅದನ್ನು ಜೀತ ಎಂದು ಅದರ ಹೆಸರಿನಿಂದಲೇ ಕರೆದು ಅಪರಾಧವಾಗಿಸಿತು. ಸರಿಯಾದ ಶಬ್ದ ಸಿಗುವುದು ಕೂಡ ಬಿಡುಗಡೆಯ ಒಂದು ಭಾಗವೇ.

1953ರಲ್ಲಿ ತುಂಗಭದ್ರೆಯ ನೀರು ಕಾಲುವೆಗೆ ಬಂದ ಮೇಲೆ ಸಿಂಧನೂರು, ಗಂಗಾವತಿ ಕಡೆ ಜೋಳ ಸರಿದು ಭತ್ತ ಬಂತು. ಆಂಧ್ರದಿಂದ ಬಂದು ನೆಲೆಸಿದ ರೈತರ ಕ್ಯಾಂಪುಗಳಾದವು, ಕ್ಯಾಂಪ್ ಎಂಬುದು ಊರಿನ ಹೆಸರಿಗೇ ಸೇರಿಕೊಂಡಿತು. ನಾಟಿ ಈಗ ಎಕರೆಗೆ ಇಷ್ಟು ಎಂದು ಗುತ್ತಿಗೆ. ಸಂಜೆಗೆ ಕೂಲಿ ಕೈಗೆ, ಲೆಕ್ಕ ಅಲ್ಲಿಗೆ ಮುಗಿಯಿತು. ಭೂಮಿ ಇಲ್ಲದ ಹೆಣ್ಣುಮಕ್ಕಳಿಗೆ ಯಾರ ಹಂಗೂ ಇಲ್ಲದ ಈ ನಗದು ಎಷ್ಟು ದೊಡ್ಡದು ಎಂದು ಬಲ್ಲೆ. ಆದರೆ ಮುಯ್ಯಾಳು ಎಂದರೆ ಏನು ಎಂದು ನನ್ನ ಅಣ್ಣನ ಮಕ್ಕಳು ಕೇಳುತ್ತಾರೆ, ಆಗ ನನಗೆ ಸಂಕಟವಾಗುತ್ತದೆ.

ಕಳೆದ ಬೇಸಿಗೆಯಲ್ಲಿ ಅವ್ವ ಮತ್ತೆ ಪುಸ್ತಕ ತೆಗೆಸಿದಳು. ಪಕ್ಕದೂರಿನ ಒಂದು ಮನೆಯ ಹೆಸರು ಬರೆಯಲು ಹೇಳಿದಳು. ತಂದೆ ಕಾಯಿಲೆ ಬಿದ್ದ ವರ್ಷ ಆ ಮನೆಯ ಮೂವರು ಹೆಂಗಸರು ಬಂದು ನಮ್ಮ ಹೊಲದ ಕಳೆ ತೆಗೆದುಕೊಟ್ಟಿದ್ದರಂತೆ. ಹೆಸರು ಬರೆದು, ಎಷ್ಟು ಎಂದು ಹಾಕಲಿ ಎಂದು ಕೇಳಿದೆ. "ಅಂಕಿ ಹಾಕಬೇಡ, ಅದು ಆಳಿನ ಮುಯ್ಯಿ" ಎಂದಳು. ಆ ಹೆಸರಿನ ಮುಂದೆ ಜಾಗ ಖಾಲಿ ಇದೆ.

ನಮಸ್ಕಾರ.